ಟರ್ಬೊ ಕಾರಿಗೆ ಸಿಲಿಕೋನ್ ಹೋಸಾ, ಮೆಟಲ್ ಪೈಪಾ? ದಾವಣಗೆರೆಯಲ್ಲಿ ಮೂರು ಥರದ್ದನ್ನೂ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಕಾರು ಫ್ಯಾಕ್ಟರಿಯಿಂದ ಬಂದ ಹಾಗೇ ಇದ್ದರೆ, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಅದು ಇದು ಏನೂ ಮಾಡಿಸದೇ ಇದ್ದರೆ, ಟರ್ಬೊ ಹೋಸ್, ಅಂದರೆ ಟರ್ಬೊ ಒತ್ತಿ ತಳ್ಳುವ ಗಾಳಿಯನ್ನು ಎಂಜಿನ್‌ವರೆಗೆ ಒಯ್ಯುವ ಕೊಳವೆ, ಹರಿದಾಗ ಕಂಪನಿ ರಬ್ಬರ್ ಹೋಸನ್ನೇ ತಗೊಳ್ಳಿ. ಟರ್ಬೊದಿಂದ ಹೊರಡುವ ಬಿಸಿ ಕಡೆಗೆ ಮಾತ್ರ, ಒಳಗೆ ಫ್ಲೋರೋಸಿಲಿಕೋನ್ (ಎಣ್ಣೆ ತಡೆಯುವ ಜಾತಿಯ ಸಿಲಿಕೋನ್) ಪದರ ಇರುವ ಒಳ್ಳೆ ಸಿಲಿಕೋನ್ ಎಲ್ಬೋ (ತಿರುವಿನ ತುಂಡು) ಸಿಕ್ಕರೆ ಹಾಕಿಸಬಹುದು. ಪೂರ್ತಿ ಮೆಟಲ್ ಪೈಪ್ ಏನಿದ್ದರೂ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿಸಿದವರಿಗೆ, ಇಲ್ಲ ಬಾನೆಟ್ ಎತ್ತಿ ತೋರಿಸುವ ಖುಷಿ ಇರುವವರಿಗೆ. ಮಿಕ್ಕ ದುಡ್ಡನ್ನು ಹೋಸ್ ಬಿಗಿದು ಹಿಡಿಯುವ ಕ್ಲಾಂಪಿಗೆ ಹಾಕಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಬೇಕಾದವರಿಗೆ ಮುಂದೆ ಇದೆ, ಸ್ವಲ್ಪ ಉದ್ದ ಇದೆ.

ದಾವಣಗೆರೆಯಲ್ಲಿ ಆಕ್ಸೆಸರಿ ಅಂಗಡಿಗೆ ಹೋಗಿ ಟರ್ಬೊ ಹೋಸ್ ಅಂತ ಬಾಯಿ ಬಿಟ್ಟರೆ ಸಾಕು, ನೀಲಿ ಬಣ್ಣದ ಸಿಲಿಕೋನ್ ಕಿಟ್ ಕೌಂಟರ್ ಮೇಲೆ ಬರುತ್ತದೆ. ರೇಸ್ ಕಾರಿಗೆ ಇದೇ ಸರ್, ಲೈಫ್‌ಟೈಮ್ ಬರುತ್ತೆ ಅನ್ನುತ್ತಾರೆ. ವೆಲ್ಡಿಂಗ್ ಗ್ಯಾರೇಜಿಗೆ ಹೋದರೆ, ಅಲ್ಯೂಮಿನಿಯಂ ಹಾಕ್ಸಣ್ಣ, ಹರಿಯೋ ಮಾತೇ ಇಲ್ಲ ಅನ್ನುತ್ತಾರೆ. ಇಬ್ಬರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ. ತಮ್ಮ ಹತ್ತಿರ ಇರುವುದನ್ನು ಮಾರುತ್ತಿದ್ದಾರೆ ಅಷ್ಟೇ. ಆದರೆ ನಿಮ್ಮ ಕಾರಿನ ಯಾವ ಜಾಗಕ್ಕೆ ಹೋಸ್ ಬೇಕು, ಅಲ್ಲಿ ಎಷ್ಟು ಬಿಸಿ, ಎಷ್ಟು ಎಣ್ಣೆ, ಎಷ್ಟು ಅಲುಗಾಟ ಅಂತ ಇಬ್ಬರಲ್ಲಿ ಒಬ್ಬರೂ ಕೇಳುವುದಿಲ್ಲ. ಅಸಲಿಗೆ ಕೇಳಬೇಕಾದ ಪ್ರಶ್ನೆ ಅದೊಂದೇ.

ನನ್ನ ಕಾರು ಹಳೇ 1.3 ಲೀಟರ್ ಮಲ್ಟಿಜೆಟ್ ಡೀಸೆಲ್, 90 ಪಿಎಸ್‌ನದು. ಎಂಜಿನ್ ಫಿಯಟ್‌ನದು, ಆದರೆ ಮಾರುತಿಯಲ್ಲೂ ಬಂತು, ಟಾಟಾದಲ್ಲೂ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಆದರೂ ನಮ್ಮ ರೋಡುಗಳಲ್ಲಿ ಈ ಎಂಜಿನ್ ಕಾರುಗಳು ಎಲ್ಲಿ ನೋಡಿದರೂ ಸಿಗುತ್ತವೆ, ಮತ್ತು ಅವುಗಳ ಹೋಸ್‌ಗಳು ಈಗ ಒಂದೊಂದಾಗಿ ಬಾಯಿ ಬಿಡುವ ವಯಸ್ಸಿಗೆ ಬಂದಿವೆ.

ನನ್ನದು ಬಾಯಿ ಬಿಟ್ಟಿದ್ದು ಚಿತ್ರದುರ್ಗಕ್ಕೆ ಹೋಗುವಾಗ, ಹೆಬ್ಬಾಳು ಟೋಲ್ ದಾಟಿ ಭರಮಸಾಗರದ ಹತ್ತಿರ. ಮೂರನೇ ಗೇರಲ್ಲಿ ಆಕ್ಸಲರೇಟರ್ ಒತ್ತಿದರೆ ಉಸ್ಸ್ ಅಂತ ಸದ್ದು, ಹಿಂದೆ ಕನ್ನಡಿಯಲ್ಲಿ ಕಪ್ಪು ಹೊಗೆ, ಪಿಕಪ್ ಇಲ್ಲವೇ ಇಲ್ಲ. ಲಾರಿ ಓವರ್‌ಟೇಕ್ ಮಾಡೋಣ ಅಂತ ಹೋದವನು ಮತ್ತೆ ಅದರ ಹಿಂದೆಯೇ ಬಂದೆ. ಡೀಸೆಲ್ ಕಾರಿನಲ್ಲಿ ಇದಕ್ಕೆ ಕಾರಣ ಸರಳ. ಏರ್ ಫಿಲ್ಟರ್ ಹತ್ತಿರದ ಸೆನ್ಸರ್ ಇಷ್ಟು ಗಾಳಿ ಒಳಗೆ ಹೋಯಿತು ಅಂತ ಲೆಕ್ಕ ಕೊಡುತ್ತದೆ, ಆ ಲೆಕ್ಕಕ್ಕೆ ತಕ್ಕ ಹಾಗೆ ಡೀಸೆಲ್ ಬೀಳುತ್ತದೆ, ಆದರೆ ಗಾಳಿ ಮಧ್ಯದಲ್ಲೇ ಹರಿದ ಹೋಸಿನಿಂದ ಹೊರಗೆ ಹೋಗಿರುತ್ತದೆ. ಸುಡುವುದಕ್ಕೆ ಗಾಳಿ ಸಾಲದೆ ಡೀಸೆಲ್ ಹೊಗೆ ಆಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0299 ಅಂತ ಬರಬಹುದು, ಅಂದರೆ ಬೂಸ್ಟ್ ಕಡಿಮೆ ಇದೆ ಅಂತ.

ಈ ಕೋಡ್ ನೋಡಿ ಒಂದು ಗ್ಯಾರೇಜಿನವರು ಟರ್ಬೊನೇ ಹೋಗಿದೆ, ಹೊಸದು ಹಾಕಬೇಕು ಅಂತ ಎಸ್ಟಿಮೇಟ್ ಬರೆದು ಕೈಗೆ ಕೊಟ್ಟರು. ಹೆಸರು ಬೇಡ. ಬಾನೆಟ್ ಎತ್ತಿ ಹೋಸ್ ಮುಟ್ಟಿಯೂ ನೋಡಿರಲಿಲ್ಲ. ಆಮೇಲೆ ಇನ್ನೊಬ್ಬ ಹಳೇ ಮೆಕ್ಯಾನಿಕ್ ಹೋಸನ್ನು ಕೈಯಲ್ಲಿ ಹಿಚುಕಿ ಮಡಚಿದರು, ಕೆಳಗಿನ ತಿರುವಿನಲ್ಲಿ ಬೆರಳುದ್ದದ ಸೀಳು ಕಂಡಿತು, ಸುತ್ತ ಎಣ್ಣೆ ಧೂಳು ಸೇರಿ ಕರ್ರಗೆ ಅಂಟಿತ್ತು. ಟರ್ಬೊಗೆ ಏನೂ ಆಗಿರಲಿಲ್ಲ. ಹಾಗಾಗಿ ಪಿಕಪ್ ಹೋಯಿತು ಅಂತ ಯಾರಾದರೂ ಟರ್ಬೊ ಬಿಚ್ಚಲು ಹೊರಟರೆ, ಮೊದಲು ಹೋಸ್ ಚೆಕ್ ಮಾಡಿ ಅಂತ ಗಟ್ಟಿಯಾಗಿ ಹೇಳಿ. ಇನ್ನೊಂದು ವಿಷಯ, ಹೋಸಿನ ಒಳಗೆ ತೆಳ್ಳಗೆ ಎಣ್ಣೆ ಹಚ್ಚಿದ ಹಾಗೆ ಇದ್ದರೆ ಹೆದರಬೇಡಿ. ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಆವಿಯನ್ನು ಇನ್‌ಟೇಕಿಗೇ ಬಿಡುವುದರಿಂದ ಅದು ಇದ್ದೇ ಇರುತ್ತದೆ. ಬಗ್ಗಿಸಿದರೆ ಎಣ್ಣೆ ಸುರಿಯುವಷ್ಟು ಇದ್ದರೆ ಮಾತ್ರ ಯೋಚನೆ ಮಾಡಬೇಕು. ಈ ಎಣ್ಣೆಯನ್ನು ನೆನಪಿಟ್ಟುಕೊಳ್ಳಿ, ಸಿಲಿಕೋನ್ ವಿಷಯ ಬಂದಾಗ ಇದೇ ಮುಖ್ಯ.

ಬಿಸಿಯ ಲೆಕ್ಕ ಒಂದು ಹೇಳುತ್ತೇನೆ, ಇದು ಗೊತ್ತಿದ್ದರೆ ಅಂಗಡಿಯವರ ಮಾತನ್ನು ಅಳೆಯಬಹುದು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪಿನ ತುದಿ ಬಿಸಿಯಾಗುವುದು ನೋಡಿದ್ದೀರಲ್ವಾ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ 38 ಡಿಗ್ರಿ ಇದೆ ಅಂದುಕೊಳ್ಳಿ. ಟರ್ಬೊ ಆ ಗಾಳಿಗೆ 1 ಬಾರ್ ಬೂಸ್ಟ್ ಕೊಟ್ಟರೆ, ಕಂಪ್ರೆಸರ್‌ನ ದಕ್ಷತೆ 70 ಪರ್ಸೆಂಟ್ ಅಂತ ಹಿಡಿದರೆ, ಹೊರಗೆ ಬರುವ ಗಾಳಿ ಹತ್ತಿರ ಹತ್ತಿರ 135 ಡಿಗ್ರಿ ಇರುತ್ತದೆ. ಬೂಸ್ಟ್ ಇನ್ನೂ ಏರಿದರೆ 150 ದಾಟುತ್ತದೆ. ಇದು ಟರ್ಬೊದಿಂದ ಇಂಟರ್‌ಕೂಲರ್‌ವರೆಗಿನ (ಆ ಗಾಳಿಯನ್ನು ತಣಿಸುವ ರೇಡಿಯೇಟರ್ ಥರದ್ದು) ಬಿಸಿ ಕಡೆ. ಇಂಟರ್‌ಕೂಲರ್ ದಾಟಿದ ಮೇಲೆ ಆ ಬಿಸಿಯ ಬಹುಪಾಲು ಇಳಿದಿರುತ್ತದೆ, ಅದು ತಂಪು ಕಡೆ. ಒಂದೇ ಕಾರು, ಎರಡು ಹೋಸ್, ಎರಡಕ್ಕೂ ಬೇರೆ ಬೇರೆ ಕಷ್ಟ. ಇಡೀ ಕಿಟ್ ಒಂದೇ ಮೆಟೀರಿಯಲ್‌ನಲ್ಲಿ ತಗೊಳ್ಳಬೇಕು ಅನ್ನುವ ಯೋಚನೆಯೇ ಸರಿಯಿಲ್ಲ ಅನ್ನುವುದು ಇದಕ್ಕೇ.

ಈಗ ಕಂಪನಿ ಹೋಸ್. ನೋಡಲು ಕಪ್ಪಗೆ ಸಾದಾ ರಬ್ಬರ್. ಆದರೆ ಅದು ಟ್ಯೂಬ್ ರಬ್ಬರಲ್ಲ. ಬಿಸಿ ಮತ್ತು ಎಣ್ಣೆ ಎರಡನ್ನೂ ತಡೆಯುವ ಜಾತಿಯ ರಬ್ಬರ್, ಮಧ್ಯದಲ್ಲಿ ನೂಲಿನ ಹೆಣಿಗೆ, ಕಾರಿನ ಸಂದುಗೊಂದಿಗೆ ಸರಿಯಾಗಿ ಕೂರುವ ಹಾಗೆ ಅಚ್ಚಿನಲ್ಲಿ ಮಾಡಿದ ತಿರುವುಗಳು. ಎಂಜಿನ್ ಅಲುಗಾಡಿದರೆ ಜೊತೆಗೇ ಅಲುಗಾಡುತ್ತದೆ. ಪಾರ್ಟ್ ನಂಬರ್ ಕೊಟ್ಟರೆ ದಾವಣಗೆರೆಯ ಸ್ಪೇರ್ಸ್ ಅಂಗಡಿಯಲ್ಲೇ ತರಿಸಿಕೊಟ್ಟರು, ಒಂದಕ್ಕೆ 2,000 ರೂಪಾಯಿ ಒಳಗೆ ಆಯಿತು, ಹಾಕಲು ಅರ್ಧ ಗಂಟೆ. ಇದರ ದೋಷ ಅಂದರೆ ವಯಸ್ಸು. ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗುತ್ತದೆ, ತಿರುವಿನ ಕೆಳಭಾಗದಲ್ಲಿ, ಕ್ಲಾಂಪಿನ ಅಂಚಿನಲ್ಲಿ ಸೀಳುತ್ತದೆ. ಹೊಸ ಕಾರುಗಳಲ್ಲಿ ತುದಿಗೆ ಪ್ಲಾಸ್ಟಿಕ್ ಕನೆಕ್ಟರ್, ತಂತಿ ಕ್ಲಿಪ್, ಒಳಗೆ ಓ ರಿಂಗ್ ಇರುತ್ತದೆ. ಅಲ್ಲಿ ಎಷ್ಟೋ ಸಲ ಹೋಸ್ ಚೆನ್ನಾಗೇ ಇದ್ದು ಓ ರಿಂಗ್ ಮಾತ್ರ ಚಪ್ಪಟೆಯಾಗಿ ಗಾಳಿ ಸೋರುತ್ತಿರುತ್ತದೆ. ಸಾವಿರಾರು ರೂಪಾಯಿ ಕಿಟ್ ಹಾಕುವ ಮೊದಲು ಆ ಸಣ್ಣ ರಿಂಗ್ ನೋಡಿಸಿ.

ಸಿಲಿಕೋನ್ ಕಿಟ್ ನಾನು ಆನ್‌ಲೈನ್‌ನಲ್ಲಿ ತರಿಸಿದ್ದು, ಬಿಸಿ ಕಡೆಗೆ ಮತ್ತು ತಂಪು ಕಡೆಗೆ ಸೇರಿ 7,500 ಆಯಿತು. ಬರುವ ಮೊದಲು ಮಾರುವವರಿಗೆ ಮೆಸೇಜ್ ಮಾಡಿ ಒಳಪದರ ಯಾವುದು, ಎಷ್ಟು ಪದರ ಬಟ್ಟೆ, ಗೋಡೆ ದಪ್ಪ ಎಷ್ಟು ಅಂತ ಬರೆಸಿಕೊಂಡಿದ್ದೆ. ಬಿಸಿ ಕಡೆಯ ಎಲ್ಬೋ ಒಳಗೆ ಫ್ಲೋರೋಸಿಲಿಕೋನ್, ನಾಲ್ಕು ಪದರ, 5 ಮಿಮೀ ದಪ್ಪ ಅಂದರು. ಬಂದಿದ್ದೂ ಹಾಗೇ ಇತ್ತು. ಕತ್ತರಿಸಿದ ತುದಿ ನೋಡಿದರೆ ಒಳಪದರ ಬೇರೆ ಬಣ್ಣದಲ್ಲಿ ಕಾಣುತ್ತದೆ, ಬಟ್ಟೆ ಪದರಗಳನ್ನು ಎಣಿಸಬಹುದು. ಎಣಿಸಲು ಆಗದ ಹಾಗೆ ತುದಿಗೆ ಬಣ್ಣ ಬಳಿದಿದ್ದರೆ ನಾನಾಗಿದ್ದರೆ ವಾಪಸ್ ಕಳಿಸುತ್ತಿದ್ದೆ.

ಸಿಲಿಕೋನ್‌ನ ಒಳ್ಳೆ ಗುಣ ಬಿಸಿ ತಡೆಯುವುದು. ಪಾಲಿಯೆಸ್ಟರ್ ಬಟ್ಟೆ ಹಾಕಿದ್ದು 170-180 ಡಿಗ್ರಿವರೆಗೆ ಆರಾಮಾಗಿ ತಡೆಯುತ್ತದೆ, ನೋಮೆಕ್ಸ್ ಥರದ ಅರಾಮಿಡ್ ಬಟ್ಟೆ ಹಾಕಿದ್ದು ಅದಕ್ಕಿಂತ ಮೇಲಕ್ಕೂ ಹೋಗುತ್ತದೆ. ಗಟ್ಟಿಯಾಗಿ ಬಿರುಕು ಬಿಡುವುದು ಕಡಿಮೆ. ಹಳೇ ರಬ್ಬರ್ ಬೂಸ್ಟ್ ಬಂದಾಗ ಉಬ್ಬುತ್ತದಲ್ಲ, ಹಾಗೆ ಇದು ಉಬ್ಬುವುದಿಲ್ಲ. ಬಿಸಿ ಕಡೆ ಇದನ್ನು ಹಾಕಿದ ಮೇಲೆ ನನ್ನ ಕಾರಿನಲ್ಲಿ ಪಿಕಪ್ ಚುರುಕಾಯಿತು. ಆದರೆ ಯಾಮಾರಬೇಡಿ, ಹರಿದ ಹೋಸ್ ತೆಗೆದು ಹೊಸ ಕಂಪನಿ ಹೋಸ್ ಹಾಕಿದಾಗಲೂ ಅಷ್ಟೇ ಚುರುಕಾಗಿತ್ತು. ಹೋಸ್ ಬದಲಾಯಿಸಿ ಹತ್ತು ಹಾರ್ಸ್‌ಪವರ್ ಜಾಸ್ತಿ ಬಂತು ಅನ್ನುವವರ ಹಳೇ ಹೋಸ್ ಸೋರುತ್ತಿತ್ತು ಅಂತಲೇ ಅರ್ಥ.

ಕೆಟ್ಟ ಗುಣ, ಆಗಲೇ ಹೇಳಿದ ಎಣ್ಣೆ. ಸಾದಾ ಸಿಲಿಕೋನ್ ಎಂಜಿನ್ ಆಯಿಲ್ ಮತ್ತು ಇಂಧನವನ್ನು ಹೀರಿಕೊಳ್ಳುತ್ತದೆ. ನಮ್ಮ ದೊಡ್ಡಪ್ಪನ ಮಗನ ಟರ್ಬೊ ಪೆಟ್ರೋಲ್ ಕಾರಿಗೆ ಒಬ್ಬ ಅಂಗಡಿಯವರು ಒಳಪದರ ಇಲ್ಲದ ನೀಲಿ ಹೋಸ್ ಹಾಕಿ ಕಳಿಸಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊರಮೈ ಜಿಡ್ಡು ಜಿಡ್ಡು, ಬೆರಳಿಟ್ಟರೆ ಎಣ್ಣೆ ಹತ್ತುತ್ತದೆ. ಬಿಚ್ಚಿ ನೋಡಿದರೆ ಒಗ್ಗರಣೆಗೆ ನೆನೆಸಿದ ಮಂಡಕ್ಕಿ ಹಾಗೆ ಮೆತ್ತಗೆ ಊದಿಕೊಂಡಿತ್ತು, ಪದರಗಳು ಒಂದನ್ನೊಂದು ಬಿಟ್ಟಿದ್ದವು. ಕ್ಲಾಂಪ್ ಎಷ್ಟು ಬಿಗಿ ಮಾಡಿದರೂ ಜಾರಿ ಬರುತ್ತಿತ್ತು. ಅಂಗಡಿಗೆ ಹೋಗಿ ಕೇಳಿದರೆ ನಿಮ್ಮ ಎಂಜಿನ್ನೇ ಆಯಿಲ್ ತಿನ್ನುತ್ತಿದೆ ಅಂದರಂತೆ. ಎಂಜಿನ್ನಿಗೆ ಏನೂ ಆಗಿರಲಿಲ್ಲ, ಹೋಸ್ ಆ ಕೆಲಸಕ್ಕೆ ಮಾಡಿದ್ದಲ್ಲ ಅಷ್ಟೇ. ಫ್ಲೋರೋಸಿಲಿಕೋನ್ ಒಳಪದರ ಇದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಆ ಪದರಕ್ಕೇ ಜಾಸ್ತಿ ದುಡ್ಡು ಬೀಳುವುದು. ಅಗ್ಗದ ಕಿಟ್‌ನಲ್ಲಿ ಬಿಟ್ಟುಬಿಡುವುದೂ ಅದನ್ನೇ.

ಕೆಲವು ಹೋಸ್‌ಗಳ ಮೇಲೆ ಎಸ್‌ಎಇ ಜೆ20 ಅಂತ ದೊಡ್ಡದಾಗಿ ಮುದ್ರೆ ಇರುತ್ತದೆ, ಅದನ್ನು ತೋರಿಸಿ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಸರ್ ಅನ್ನುತ್ತಾರೆ. ಜೆ20 ಅನ್ನುವುದು ಕೂಲಂಟ್ ಹೋಸ್‌ಗಳ ಮಾನದಂಡ. ರೇಡಿಯೇಟರ್ ನೀರು ಓಡಾಡುವುದಕ್ಕೆ ಅದು ಸರಿ. ಟರ್ಬೊ ಬೂಸ್ಟಿನ ಎಣ್ಣೆಗಾಳಿಗೆ ಆ ಮುದ್ರೆಯನ್ನೇ ನಂಬಿ ತಗೊಳ್ಳಬೇಡಿ. ಹಾಗೆಯೇ ರೇಡಿಯೇಟರ್‌ಗೆ ಒಳ್ಳೆ ಸಿಲಿಕೋನ್ ಇದೆ ಅಂತ ಅದನ್ನೇ ತುಂಡು ಮಾಡಿ ಡೀಸೆಲ್ ಲೈನಿಗೋ ಆಯಿಲ್ ಲೈನಿಗೋ ಹಾಕುವವರೂ ಇದ್ದಾರೆ. ಅದು ಬೇಡವೇ ಬೇಡ, ಬೆಂಕಿಯ ವಿಷಯ.

ಟರ್ಬೊಗೆ ಮೊದಲಿನ ಹೋಸ್ ಅಂದರೆ ಏರ್ ಫಿಲ್ಟರ್‌ನಿಂದ ಟರ್ಬೊಗೆ ಬರುವುದು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ನಮ್ಮ ಕಡೆಗೆ ಇದೇ ಅಪಾಯದ್ದು. ಬೂಸ್ಟ್ ಕಡೆ ಸೀಳಿದರೆ ಗಾಳಿ ಹೊರಗೆ ಹೋಗುತ್ತದೆ, ಪಿಕಪ್ ಹೋಗುತ್ತದೆ, ಗೊತ್ತಾಗುತ್ತದೆ. ಫಿಲ್ಟರ್ ಆದಮೇಲೆ ಸೀಳಿದರೆ ಹೊರಗಿನ ಧೂಳು ಫಿಲ್ಟರ್ ತಪ್ಪಿಸಿ ನೇರ ಟರ್ಬೊ ರೆಕ್ಕೆಗೆ ಹೋಗುತ್ತದೆ, ಸದ್ದೂ ಇರುವುದಿಲ್ಲ. ಹೊಳಲ್ಕೆರೆ, ಭೀಮಸಮುದ್ರ ಕಡೆ ಅದಿರಿನ ಲಾರಿಗಳ ಹಿಂದೆ ಹೋದವರಿಗೆ ಆ ಕೆಂಪು ಧೂಳು ಎಂಥದ್ದು ಅಂತ ಹೇಳಬೇಕಾಗಿಲ್ಲ. ಈ ಜಾಗದಲ್ಲಿ ಇನ್ನೊಂದು ತಮಾಷೆ, ಇಲ್ಲಿ ಒತ್ತಡ ಇಲ್ಲ, ಎಳೆತ ಇದೆ. ತೆಳ್ಳನೆಯ ಸಿಲಿಕೋನ್ ಹಾಕಿದರೆ ಟರ್ಬೊ ಜೋರಾಗಿ ಎಳೆದಾಗ ಒಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ನಿಂತಾಗ ನೋಡಿದರೆ ಚೆನ್ನಾಗೇ ಇರುತ್ತದೆ, ಓಡುವಾಗ ಉಸಿರು ಕಟ್ಟುತ್ತದೆ. ಇಲ್ಲಿ ಒಂದೋ ಕಂಪನಿಯದ್ದು, ಇಲ್ಲವೇ ಒಳಗೆ ಸ್ಟೀಲ್ ತಂತಿ ಸುತ್ತಿದ ಸಿಲಿಕೋನ್. ಬೇರೆ ಬೇಡ.

ಇನ್ನು ಮೆಟಲ್. ಇದನ್ನು ನಾನು ಮಾಡಿಸಿದ್ದು ಇಲ್ಲೇ, ಹರಿಹರ ರಸ್ತೆ ಕಡೆಯ ಒಂದು ಫ್ಯಾಬ್ರಿಕೇಷನ್ ಗ್ಯಾರೇಜಿನಲ್ಲಿ. ಕೆಲಸಗಾರ ನಿಜಕ್ಕೂ ಕಲಾವಿದ. ಅಲ್ಯೂಮಿನಿಯಂಗೆ ಆರ್ಗನ್ ಹಾಕಿ ಟಿಗ್ ವೆಲ್ಡಿಂಗ್ ಮಾಡುವವರು ನಮ್ಮೂರಲ್ಲಿ ಇದ್ದಾರೆ ಅನ್ನುವುದೇ ನನಗೆ ಖುಷಿ. ಮೆಟೀರಿಯಲ್ ಮಜೂರಿ ಸೇರಿ 6,000, ಕ್ಲಾಂಪ್ ಬೇರೆ. ಆದರೆ ಕೆಲವು ವಿಷಯ ತಗೊಳ್ಳುವ ಮೊದಲೇ ಗೊತ್ತಿರಬೇಕು.

ಮೊದಲನೆಯದು, ಪೂರ್ತಿ ಮೆಟಲ್ ಅನ್ನುವುದು ಇಲ್ಲವೇ ಇಲ್ಲ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿದೆ, ಆಕ್ಸಲರೇಟರ್ ಒತ್ತಿದರೆ ಒಂದು ಕಡೆಗೆ ವಾಲುತ್ತದೆ. ಇಂಟರ್‌ಕೂಲರ್ ಬಾಡಿಗೆ ಬೋಲ್ಟ್ ಆಗಿದೆ, ಅಲುಗಾಡುವುದಿಲ್ಲ. ಮಧ್ಯದಲ್ಲಿ ಗಟ್ಟಿ ಪೈಪ್ ಒಂದೇ ತುಂಡಾಗಿ ಹಾಕಿದರೆ ಏನಾದರೂ ಒಂದು ಕಡೆ ಮುರಿಯಲೇಬೇಕು, ಸಾಮಾನ್ಯವಾಗಿ ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ಮೂತಿ. ಹಾಗಾಗಿ ಎರಡೂ ತುದಿಗೆ ಸಿಲಿಕೋನ್ ಕಪ್ಲರ್ (ಜೋಡಿಸುವ ಸಣ್ಣ ಹೋಸ್ ತುಂಡು) ಬೇಕೇ ಬೇಕು, ಅಲುಗಾಟ ಜಾಸ್ತಿ ಇರುವ ಕಡೆ ಮಧ್ಯದಲ್ಲಿ ಗೂನು ಇರುವ ಕಪ್ಲರ್ ಬೇಕು. ಅಂದರೆ ಮೆಟಲ್ ತಗೊಂಡವರೂ ಸಿಲಿಕೋನ್ ತಗೊಂಡೇ ತಗೊಳ್ಳುತ್ತಾರೆ. ಜಾಯಿಂಟ್‌ಗಳು ಎರಡರಿಂದ ನಾಲ್ಕಕ್ಕೆ ಏರುತ್ತವೆ. ಮೆಟಲ್‌ನಲ್ಲಿ ಸೋರುವುದು ಹೆಚ್ಚಾಗಿ ಜಾಯಿಂಟ್‌ನಲ್ಲೇ, ಪೈಪಿನ ನಡುವೆ ಅಲ್ಲ.

ಎರಡನೆಯದು, ಒಳಗಿನ ಕಸ. ಪೈಪನ್ನು ಚಪ್ಪಟೆಯಾಗದ ಹಾಗೆ ಬಗ್ಗಿಸುವ ಮ್ಯಾಂಡ್ರೆಲ್ ಬೆಂಡಿಂಗ್ ಇಲ್ಲಿ ನನಗೆ ಸಿಗಲಿಲ್ಲ. ಸಿದ್ಧ ಬೆಂಡ್‌ಗಳನ್ನು ತಂದು ಕತ್ತರಿಸಿ ಜೋಡಿಸಿ ವೆಲ್ಡ್ ಮಾಡುತ್ತಾರೆ. ಒಳಗೆ ವೆಲ್ಡಿಂಗ್ ಹನಿ, ಗರಗಸದ ಚೂರು ಉಳಿಯುತ್ತದೆ. ಬಿಸಿ ಕಡೆಯ ಪೈಪಿನಲ್ಲಿ ಉಳಿದರೆ ಇಂಟರ್‌ಕೂಲರ್‌ನಲ್ಲಿ ಸಿಕ್ಕಿಹಾಕಿಕೊಳ್ಳಬಹುದು, ತಂಪು ಕಡೆ ಉಳಿದರೆ ಮಧ್ಯದಲ್ಲಿ ತಡೆಯುವವರು ಯಾರೂ ಇಲ್ಲ, ನೇರ ಎಂಜಿನ್ ಒಳಗೆ. ಪೈಪನ್ನು ಬ್ರಷ್ ಹಾಕಿ ತಿಕ್ಕಿ, ನೀರಲ್ಲಿ ತೊಳೆದು, ಕಂಪ್ರೆಸರ್ ಗಾಳಿ ಹೊಡೆದು, ಒಣಗಿದ ಮೇಲೆ ಬಿಳಿ ಬಟ್ಟೆ ಎಳೆದು ನೋಡಿದ ಮೇಲೆಯೇ ಹಾಕಿಸಿದ್ದು. ಅವರಿಗೆ ನನ್ನ ಕಾಟ ಸಾಕಾಗಿತ್ತು, ಇರಲಿ.

ಮೂರನೆಯದು, ಪೈಪ್ ತುದಿಗೆ ಉಬ್ಬು ಗೆರೆ ಇರಬೇಕು. ಅದಿಲ್ಲದ ನುಣ್ಣನೆಯ ಪೈಪಿನ ಮೇಲಿಂದ ಕಪ್ಲರ್ ಜಾರುವುದು ಇಂದಲ್ಲ ನಾಳೆ ಗ್ಯಾರಂಟಿ. ಮೆಷಿನ್ ಇಲ್ಲದಿದ್ದರೆ ಸುತ್ತಲೂ ಸಣ್ಣ ವೆಲ್ಡ್ ಗೆರೆ ಎಳೆದು ನುಣುಪು ಮಾಡಿಸಿ. ಇನ್ನು ಪೈಪ್ ಎಲ್ಲೂ ಬಾಡಿಗೆ, ಬ್ರಾಕೆಟಿಗೆ ತಾಗಬಾರದು. ರಬ್ಬರ್ ತಾಗಿದರೆ ಸವೆಯಲು ಸಮಯ ತಗೊಳ್ಳುತ್ತದೆ, ಅಲ್ಯೂಮಿನಿಯಂ ತಾಗಿದರೆ ಕಟಕಟ ಸದ್ದು, ಆಮೇಲೆ ತೂತು.

ಮೆಟಲ್ ಪೈಪ್ ಎಂಜಿನ್ ಬಿಸಿಯನ್ನು ಹೀರಿ ಗಾಳಿಯನ್ನು ಬಿಸಿ ಮಾಡುತ್ತದೆ ಅಂತ ಒಂದು ವಾದ ಇದೆ. ಅಲ್ಯೂಮಿನಿಯಂ ಶಾಖವನ್ನು ಸಿಲಿಕೋನ್‌ಗಿಂತ ನೂರಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ ಅನ್ನುವುದು ನಿಜ, ಸ್ಟೇನ್‌ಲೆಸ್ ಸ್ಟೀಲ್ ಅಷ್ಟು ಸಾಗಿಸುವುದಿಲ್ಲ ಆದರೆ ತೂಕ ಜಾಸ್ತಿ. ಆದರೆ ಲೆಕ್ಕ ಹಾಕಿ ನೋಡಿ. 1.3 ಲೀಟರ್ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 30 ಲೀಟರ್ ಆಸುಪಾಸು ಗಾಳಿ ಎಳೆಯುತ್ತದೆ. 50 ಮಿಮೀ ಪೈಪಿನಲ್ಲಿ ಅದು ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಒಂದು ಮೀಟರ್ ಪೈಪನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ಎಷ್ಟು ಬಿಸಿ ಆದೀತು? ಹೈವೇಯಲ್ಲಿ ನನಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಪಿ.ಬಿ. ರೋಡ್ ಟ್ರಾಫಿಕ್ಕಿನಲ್ಲಿ ಮಧ್ಯಾಹ್ನ ತೆವಳಿ ಆಮೇಲೆ ಒಮ್ಮೆಲೇ ಒತ್ತಿದಾಗ ಕಾರು ಸ್ವಲ್ಪ ಮಂಕಾಗಿರುತ್ತದೆ, ಆದರೆ ಅದು ಇಂಟರ್‌ಕೂಲರ್‌ಗೆ ಗಾಳಿ ಸಿಗದೆ ಇರುವುದರಿಂದ, ಯಾವ ಹೋಸ್ ಇದ್ದರೂ ಅಷ್ಟೇ. ಗೊತ್ತಾಗಿದ್ದು ಸದ್ದು ಮಾತ್ರ. ಟರ್ಬೊ ಶಿಳ್ಳೆ ಮೆಟಲ್‌ನಲ್ಲಿ ಜೋರಾಗಿ ಕೇಳುತ್ತದೆ. ಮಗಳಿಗೆ ಅದು ಬಹಳ ಇಷ್ಟವಾಯಿತು, ಹೆಂಡತಿಗೆ ಆಗಲಿಲ್ಲ.

ಮೆಟಲ್‌ಗೆ ಒಂದು ಪ್ಲಸ್ ಯಾರೂ ಹೇಳುವುದಿಲ್ಲ. ಇಲಿ ಕಡಿಯುವುದಿಲ್ಲ. ಮನೆ ಪಕ್ಕ ಖಾಲಿ ಸೈಟು, ಮೆಕ್ಕೆಜೋಳದ ಗೋಡೌನು ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ಕ್ಲಾಂಪ್. ನನ್ನ ಪ್ರಕಾರ ಹೋಸಿಗಿಂತ ಇದರ ಮೇಲೆ ಜಾಸ್ತಿ ತಲೆ ಓಡಿಸಬೇಕು. 50 ಮಿಮೀ ಪೈಪಿನಲ್ಲಿ 1.2 ಬಾರ್ ಬೂಸ್ಟ್ ಬಂದರೆ, ತಿರುವಿನ ತುದಿಯಲ್ಲಿ ಹೋಸನ್ನು ಕಿತ್ತು ಹೊರಗೆ ತಳ್ಳುವ ಬಲ ಹೆಚ್ಚುಕಮ್ಮಿ 24 ಕೆಜಿ. ಒಂದೊಂದು ಸಲ ಆಕ್ಸಲರೇಟರ್ ಒತ್ತಿದಾಗಲೂ 24 ಕೆಜಿ ತಳ್ಳುತ್ತದೆ, ಬಿಟ್ಟಾಗ ಬಿಡುತ್ತದೆ. ಅದೂ ಎಣ್ಣೆ ಜಿಡ್ಡಿನ ಮೇಲೆ. ಇದನ್ನು ಹಿಡಿದಿಡುವುದು ಕ್ಲಾಂಪ್ ಒಂದೇ. ಕಿಟ್ ಜೊತೆ ಬರುವ ಕ್ಲಾಂಪ್ ನೋಡಿದರೆ ನಗು ಬರುತ್ತದೆ, ಗ್ಯಾಸ್ ಸ್ಟೌ ಪೈಪಿಗೆ ಹಾಕುವ ಥರದ್ದು, ಪಟ್ಟಿಯಲ್ಲಿ ಉದ್ದಕ್ಕೂ ತೂತು ಸಾಲು. ಬಿಗಿ ಮಾಡಿದರೆ ಆ ತೂತುಗಳ ಅಂಚಿಗೆ ಸಿಲಿಕೋನ್ ಉಬ್ಬಿ ಕತ್ತರಿಸಿಕೊಳ್ಳುತ್ತದೆ. ಸಿಲಿಕೋನ್ ಬಿಸಿಗೆ ಗಟ್ಟಿ, ಕೊಯ್ಯುವುದಕ್ಕೆ ಮೆತ್ತಗೆ. ಒಂದು ಸಣ್ಣ ಗೀರು ಬಿದ್ದರೆ ಅಲ್ಲಿಂದ ಸೀಳು ಓಡುತ್ತದೆ.

ಬೇಕಾಗಿರುವುದು ಟಿ ಬೋಲ್ಟ್ ಕ್ಲಾಂಪ್. ಪಟ್ಟಿ ಅಗಲ, ನುಣುಪು, ಸ್ಟೇನ್‌ಲೆಸ್, ಒಂದು ಬೋಲ್ಟ್ ನಟ್ಟಿನಿಂದ ಸುತ್ತಲೂ ಸಮನಾಗಿ ಬಿಗಿಯಾಗುತ್ತದೆ. ಸ್ಪ್ರಿಂಗ್ ಇರುವ ಟಿ ಬೋಲ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಸಿಲಿಕೋನ್ ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುತ್ತದೆ, ಸ್ಪ್ರಿಂಗ್ ಆ ವ್ಯತ್ಯಾಸವನ್ನು ತಾನೇ ಹಿಡಿಯುತ್ತದೆ. ಇಲ್ಲದಿದ್ದರೆ ಹಾಕಿಸಿ ಸ್ವಲ್ಪ ದಿನ ಓಡಿಸಿದ ಮೇಲೆ, ಎಂಜಿನ್ ತಣ್ಣಗಿದ್ದಾಗ, ಮತ್ತೊಮ್ಮೆ ಬಿಗಿ ಮಾಡಬೇಕು. ಸೈಜ್ ಬಗ್ಗೆ ಒಂದು ಮಾತು: ಪೈಪ್ ಅಳತೆಗೆ ಕ್ಲಾಂಪ್ ತಗೊಳ್ಳಬೇಡಿ, ಹೋಸಿನ ಹೊರ ಅಳತೆಗೆ ತಗೊಳ್ಳಿ. 50 ಮಿಮೀ ಒಳ ಅಳತೆ, 5 ಮಿಮೀ ದಪ್ಪದ ಹೋಸ್ ಹೊರಗೆ 60 ಆಗುತ್ತದೆ. ನಮ್ಮೂರ ಲಾರಿ ಸ್ಪೇರ್ಸ್ ಅಂಗಡಿಗಳಲ್ಲಿ ಒಳ್ಳೆ ಟಿ ಬೋಲ್ಟ್ ಸಿಗುತ್ತದೆ, ಕಾರ್ ಆಕ್ಸೆಸರಿ ಅಂಗಡಿಗಿಂತ ಅಗ್ಗ. ಲಾರಿಗಳಿಗೆ ಟರ್ಬೊ ಬಂದು ಎಷ್ಟು ಕಾಲ ಆಯಿತು, ಅವರಿಗೆ ಇದೆಲ್ಲ ಹಳೇ ಕಥೆ. ಕಂಪನಿ ರಬ್ಬರ್ ಹೋಸಿಗೆ ಮಾತ್ರ ಕಂಪನಿ ಸ್ಪ್ರಿಂಗ್ ಕ್ಲಾಂಪೇ ಇರಲಿ, ಅದಕ್ಕೆ ಇದು ಬೇಡ.

ಹೋಸ್ ಹಾಕುವಾಗ ಸುಲಭವಾಗಿ ಜಾರಲಿ ಅಂತ ಹುಡುಗರು ಗ್ರೀಸ್ ಹಚ್ಚುತ್ತಾರೆ. ಕೈ ಹಿಡಿದು ನಿಲ್ಲಿಸಿ. ಒಳಗೆ ಹೋಗುವಾಗ ಜಾರಿದ್ದು ಹೊರಗೆ ಬರುವಾಗಲೂ ಜಾರುತ್ತದೆ. ಪೈಪ್ ತುದಿ, ಹೋಸಿನ ಒಳಗೆ ಎರಡನ್ನೂ ಸ್ಪಿರಿಟ್ ಹಾಕಿ ಒರೆಸಿ, ತೀರಾ ಬಿಗಿ ಇದ್ದರೆ ಒಂದಿಷ್ಟು ನೀರು ಸವರಿ ತಳ್ಳಿದರೆ ಸಾಕು, ಒಣಗಿದ ಮೇಲೆ ಹಿಡಿತ ಕೂರುತ್ತದೆ.

ಹಾಕಿದ ಮೇಲೆ ಸೋರಿಕೆ ಟೆಸ್ಟ್ ಮಾಡಿಸಿ. ದೊಡ್ಡ ಸರ್ವಿಸ್ ಸೆಂಟರ್‌ಗಳಲ್ಲಿ ಹೊಗೆ ಬಿಡುವ ಮೆಷಿನ್ ಇರುತ್ತದೆ. ಇಲ್ಲದಿದ್ದರೆ ಟರ್ಬೊ ಬಾಯಿಗೆ ಅಡಾಪ್ಟರ್ ಹಾಕಿ, ರೆಗ್ಯುಲೇಟರ್ ಇಟ್ಟು ಕಡಿಮೆ ಒತ್ತಡದಲ್ಲಿ ಗಾಳಿ ತುಂಬಿ, ಜಾಯಿಂಟ್‌ಗಳಿಗೆ ಸೋಪು ನೀರು ಬಿಟ್ಟರೆ ಗುಳ್ಳೆ ಎದ್ದ ಕಡೆ ಸೋರುತ್ತಿದೆ ಅಂತ. ಪಂಕ್ಚರ್ ಅಂಗಡಿ ಕಂಪ್ರೆಸರ್‌ನಿಂದ ರೆಗ್ಯುಲೇಟರ್ ಇಲ್ಲದೆ ನೇರ ಹೊಡೆಯಬೇಡಿ, ಅದರ ಒತ್ತಡಕ್ಕೆ ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ಟ್ಯಾಂಕೇ ಬಿಚ್ಚಿಕೊಳ್ಳಬಹುದು. ನನ್ನ ಮೆಟಲ್ ಪೈಪ್ ಸೆಟ್ಟಿನಲ್ಲಿ ಈ ಟೆಸ್ಟ್‌ನಲ್ಲೇ ಒಂದು ವೆಲ್ಡ್‌ನಲ್ಲಿ ಸೂಜಿ ಮೊನೆಯಷ್ಟು ತೂತು ಸಿಕ್ಕಿತು. ಗ್ಯಾರೇಜಿನವರು ತಕರಾರಿಲ್ಲದೆ ಮತ್ತೆ ವೆಲ್ಡ್ ಮಾಡಿಕೊಟ್ಟರು. ಕೆಲಸಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಹೇಳಿದ ದಿನಕ್ಕೆ ಕೊಡದೆ ಓಡಾಡಿಸಿದ್ದಕ್ಕೆ ಒಂದು ಕಟ್.

ಸಿಲಿಕೋನ್ ಕಿಟ್‌ಗೆ ಮೂರೂವರೆ. ಬಿಸಿ ಕಡೆಯ ಎಲ್ಬೋ ಒಂದೇ ಆದರೆ ನಾಲ್ಕೂವರೆ ಕೊಡುತ್ತಿದ್ದೆ, ತಂಪು ಕಡೆಯ ಹೋಸ್ ತಿರುವು ಸರಿ ಹೊಂದದೆ ಫ್ಯಾನ್ ಕೌಲ್‌ಗೆ ತಾಗುತ್ತಿತ್ತು, ಮತ್ತು ಆ ಕ್ಲಾಂಪ್‌ಗಳನ್ನು ಕೊಡದೇ ಇದ್ದಿದ್ದರೇ ಚೆನ್ನಾಗಿತ್ತು. ಕಂಪನಿ ಹೋಸಿಗೆ ನಾಲ್ಕೂವರೆ, ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತದೆ. ಈಗ ನನ್ನ ಕಾರಿನಲ್ಲಿ ಬಿಸಿ ಕಡೆ ಸಿಲಿಕೋನ್ ಎಲ್ಬೋ, ಸ್ಪ್ರಿಂಗ್ ಟಿ ಬೋಲ್ಟ್ ಜೊತೆ. ತಂಪು ಕಡೆ ಕಂಪನಿ ರಬ್ಬರ್. ಮೆಟಲ್ ಸೆಟ್ಟನ್ನು ಇದೇ ಮಾಡೆಲ್ ಇರುವ ಚಿತ್ರದುರ್ಗದ ಗೆಳೆಯ ತಗೊಂಡು ಹೋದ, ಅವನ ಕಾರು ರೀಮ್ಯಾಪ್ ಆಗಿದೆ, ಬೂಸ್ಟ್ ಏರಿಸಿಕೊಂಡಿದ್ದಾನೆ, ಅವನಿಗೆ ಅದು ಸರಿ.

ಹೊಸ ಟರ್ಬೊ ಪೆಟ್ರೋಲ್ ತಗೊಂಡವರು ಇದನ್ನೆಲ್ಲ ಓದಿ ಕಿಟ್ ಹುಡುಕಲು ಹೋಗಬೇಡಿ. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಥರದ ಎಂಜಿನ್‌ಗಳಲ್ಲಿ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ, ನೀರಿನಿಂದ ತಂಪಾಗುತ್ತದೆ. ಬಂಪರ್‌ವರೆಗೆ ಹೋಗಿ ಬರುವ ಉದ್ದ ಹೋಸೇ ಇಲ್ಲ. ಬದಲಾಯಿಸಿ ಸಾಧಿಸುವುದು ಏನೂ ಇಲ್ಲ. ಹಳೇ ಡೀಸೆಲ್‌ನವರು ಹಾಕಿಸಿದರೂ ಕಪ್ಪು ಬಣ್ಣದ್ದೇ ತಗೊಳ್ಳಿ. ನೀಲಿ, ಕೆಂಪು ಹೋಸ್ ಬಾನೆಟ್ ಎತ್ತಿದ ತಕ್ಷಣ ಕಣ್ಣಿಗೆ ಹೊಡೆಯುತ್ತದೆ, ವಾರಂಟಿ ಬಾಕಿ ಇದ್ದರೆ ಎಂಜಿನ್‌ನಲ್ಲಿ ಏನೇ ಆಗಲಿ ಮೊದಲ ಬೆರಳು ಅದರ ಕಡೆಗೇ ಹೋಗುತ್ತದೆ. ಕಪ್ಪು ಸಿಲಿಕೋನ್ ಅದೇ ರೇಟಿಗೆ ಸಿಗುತ್ತದೆ. ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂತಾರೆ, ತರಿಸಿ ಕೊಡಿ ಅನ್ನಿ, ತರಿಸುತ್ತಾರೆ.